ಬಾಗಿಲ ಬಲ್ಬು ಯಾರಿಗಾಗಿ ಉರಿಯುತ್ತಿತ್ತು?

ಒಂದು ಬಲ್ಬಿನ ವಿಷಯಕ್ಕೆ ಮನೆ ಬೇರೆಯಾಗುವ ಮಾತಿನವರೆಗೆ ಹೋದ ಪ್ರಕರಣ ಇದು. ಕೇಳಿದವರು ಮೊದಲು ನಗುತ್ತಾರೆ. ಕುಟುಂಬ ಸಮಾಲೋಚನೆಯಲ್ಲಿ ಇಷ್ಟು ವರ್ಷ ಕಳೆದ ನಾನೂ ಒಳಗೊಳಗೇ ನಕ್ಕಿದ್ದೆ. ಆ ನಗುವಿನಿಂದಾಗಿಯೇ ಮೊದಲ ಎರಡು ಪ್ರಯತ್ನಗಳು ಕೆಟ್ಟವು ಎಂದು ಈಗ ಅನಿಸುತ್ತದೆ. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ವಯಸ್ಸು, ಉದ್ಯೋಗ, ಮನೆಯ ನಕ್ಷೆ ಎಲ್ಲ ಬದಲಾಯಿಸಿದ್ದೇನೆ. ಹೆಸರುಗಳ ಬದಲು ಮಾವ, ಸೊಸೆ, ಮಗ ಎನ್ನುತ್ತೇನೆ. ಬದಲಾಯಿಸದೆ ಬಿಟ್ಟಿರುವುದು ಬಲ್ಬನ್ನು ಮತ್ತು ಅದರ ಸುತ್ತ ಹುಟ್ಟಿದ ಮಾತುಗಳನ್ನು.

ಹಿನ್ನೆಲೆ

ಮನೆಯಲ್ಲಿ ಮೂವರು. ಮಾವನಿಗೆ 70 ದಾಟಿತ್ತು, ಹೆಂಡತಿ ತೀರಿಕೊಂಡು ಆರು ವರ್ಷ. ಒಬ್ಬನೇ ಮಗ. ಸೊಸೆ ಆ ಮನೆಗೆ ಬಂದು ಎರಡು ವರ್ಷವಾಗಿತ್ತು. ಅವಳದು ಪಾಳಿ ಕೆಲಸ, ವಾರಕ್ಕೆ ಮೂರು ದಿನವಾದರೂ ಮನೆ ಸೇರುವಾಗ ನಡುರಾತ್ರಿ ದಾಟುತ್ತಿತ್ತು. ಮಗ ಬೆಳಗಿನ ಜಾವಕ್ಕೇ ಕೆಲಸಕ್ಕೆ ಹೊರಡುವವನು. ರಾತ್ರಿ ಹತ್ತಕ್ಕೆಲ್ಲ ಗೊರಕೆ.

ಮುಂಬಾಗಿಲ ಮೇಲೆ ಒಂದು ಬಲ್ಬು. ಹೊರಗೆ ಹೋದವರಲ್ಲಿ ಕೊನೆಯವರು ಬರುವ ತನಕ ಅದು ಉರಿಯಬೇಕು ಎನ್ನುವುದು ಆ ಮನೆಯ ನಿಯಮ. ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ, ಹಾಗೇ ನಡೆದುಕೊಂಡು ಬಂದದ್ದು. ಕೊನೆಯವರು ಒಳಗೆ ಬಂದ ಸದ್ದು ಕೇಳಿದ ಮೇಲೆ ಮಾವ ತಮ್ಮ ಕೋಣೆಯಿಂದ ಹೊರಬಂದು, ಬಲ್ಬು ಆರಿಸಿ, ಮಾತಿಲ್ಲದೆ ಹಿಂತಿರುಗಿ ಮಲಗುವರು. ಮಗ ಹೈಸ್ಕೂಲಿನ ದಿನಗಳಿಂದ ಆ ಬೆಳಕನ್ನು ಕಂಡವನು. "ತಿರುವಿನಿಂದಲೇ ಲೈಟ್ ಕಾಣ್ತಿತ್ತು ಮೇಡಂ. ಕಂಡ್ರೆ ಸಾಕು, ಅರ್ಧ ಸುಸ್ತು ಅಲ್ಲೇ ಇಳೀತಿತ್ತು," ಎಂದ.

ಸೊಸೆ ಬೆಳೆದ ಮನೆಯಲ್ಲೂ ಅಂಥದ್ದೇ ಒಂದು ಬಲ್ಬಿತ್ತು. ಯಾರು ಬಂದರೂ ಬರದಿದ್ದರೂ ರಾತ್ರಿ ಹತ್ತಕ್ಕೆ ಆರುತ್ತಿತ್ತು. ಹತ್ತರ ಮೇಲೂ ಉರಿಯುತ್ತಿದ್ದರೆ ಅಪ್ಪ ಎದ್ದು ಕೂತಿದ್ದಾರೆ, ಇವತ್ತು ವಿಚಾರಣೆ ಇದೆ ಎಂದು ಅರ್ಥ. ಅವಳ ಅಕ್ಕ ಒಮ್ಮೆ ಆ ಬೆಳಕನ್ನು ಕಂಡು ಗೇಟಿನ ಹೊರಗೇ ಅರ್ಧ ಗಂಟೆ ನಿಂತಿದ್ದಳಂತೆ.

ಈ ಎರಡನೇ ಸಂಗತಿ ನನಗೆ ಮೊದಲ ದಿನವೇ ತಿಳಿದಿತ್ತು. ತಿಳಿದಿದ್ದರಿಂದಲೇ, ಇಷ್ಟೇ ತಾನೆ, ಇಬ್ಬರಿಗೂ ಒಬ್ಬರ ಅರ್ಥ ಇನ್ನೊಬ್ಬರಿಗೆ ಹೇಳಿಬಿಟ್ಟರೆ ಮುಗಿಯಿತು ಎಂದುಕೊಂಡೆ.

ಗಂಟು ಬಿದ್ದದ್ದು

ಮದುವೆಯಾದ ಹೊಸದರಲ್ಲಿ ಸೊಸೆ ಹೇಳಿದ್ದಳು: "ಮಾವ, ನೀವು ಲೈಟ್ ಆರಿಸಿ ಮಲಗಿ. ನನ್ನ ಹತ್ರ ಕೀ ಇದೆ." ಮುದುಕರ ನಿದ್ದೆ ಕೆಡದಿರಲಿ ಎನ್ನುವುದೇ ಅವಳ ಉದ್ದೇಶವಾಗಿತ್ತು ಎಂದು ನಾನು ನಂಬುತ್ತೇನೆ. ಮಾವನ ಕಿವಿಗೆ ಬಿದ್ದದ್ದು ಬೇರೆ. "ಕೀ ಇದೆ ಅಂದ್ಲು. ಅಂದ್ರೆ ನಾನು ಬೇಕಿಲ್ಲ ಅಂತ ತಾನೆ?" ಎಂದರು ನನ್ನ ಮುಂದೆ. ಅವರು ಬಲ್ಬು ಆರಿಸಲಿಲ್ಲ. ತಿಂಗಳುಗಳು ಕಳೆದವು. ಒಳಗೆ ಬಂದ ಕೂಡಲೇ ಎದುರಾಗುವ ಮಾವ, ಬಲ್ಬು ಆರಿಸುವಾಗ ಗೋಡೆ ಗಡಿಯಾರದ ಕಡೆಗೆ ಹೋಗುವ ಅವರ ಕಣ್ಣು, ಆ ಮೌನ, ಇಷ್ಟೂ ಅವಳಿಗೆ ಹಾಜರಿ ಪುಸ್ತಕದ ಹಾಗೆ ಕಾಣತೊಡಗಿತು. ಎರಡನೇ ಸಲ ಅದೇ ಮಾತನ್ನು ಹೇಳಿದಾಗ ದನಿ ಬೇರೆಯಾಗಿತ್ತು: "ಎಷ್ಟು ಸಲ ಹೇಳೋದು, ಆರಿಸಿ ಮಲಗಿ ಅಂತ."

ಅವತ್ತು ಮಾವ ಆರಿಸಿದರು.

ಅವಳು ಬಂದದ್ದು 12:40ಕ್ಕೆ. ಮನೆ ಕಪ್ಪಗಿತ್ತು. "ಕತ್ತಲಲ್ಲಿ ಕೀಲಿತೂತು ತಡಕಾಡ್ತಾ ನಿಂತಿದ್ದೆ. ನಾನೇ ಕೇಳಿದ್ದು, ಅವ್ರು ಆರಿಸಿದ್ದು. ಆದ್ರೂ ಮುಖದ ಮೇಲೆ ಬಾಗಿಲು ಹಾಕಿದಂಗಾಯ್ತು." ಈ ಮಾತನ್ನು ನಾನು ಆಗ ಬರೆದುಕೊಂಡೆ, ಆದರೆ ಅದರ ಮೇಲೆ ನಿಲ್ಲಲಿಲ್ಲ. ಕೇಳಿದ್ದೇ ಸಿಕ್ಕಿತು, ಆದರೂ ನೋವಾಯಿತು ಎಂದರೆ ಅವಳು ಕೇಳಿದ್ದು ಬಲ್ಬು ಆರಿಸುವುದನ್ನಲ್ಲ. ಅಲ್ಲೇ ಅಗೆಯಬೇಕಿತ್ತು.

ಅದಾದ ಮೇಲೆ ಮೂರು ವಾರ ಮಾವ ಸೊಸೆ ಮುಖ ಕೊಟ್ಟು ಮಾತಾಡಲಿಲ್ಲ. ಬೇಕಾದದ್ದನ್ನೆಲ್ಲ ಮಗನ ಮೂಲಕ ದಾಟಿಸಿದರು. ಸೊಸೆ ಬೇರೆ ಮನೆ ಹುಡುಕೋಣ ಎಂದಳು. ಮಗ ನನ್ನ ಬಳಿ ಬಂದ.

ಮಾವನನ್ನು ಕರೆಯಲು ನಾನೇ ಫೋನ್ ಮಾಡಿದೆ. ಬರುವಿರಾ ಎಂದರೆ "ನೋಡೋಣ" ಎಂದರು. ನಾನು ಕಂಡ ಮನೆಗಳಲ್ಲಿ ಹಿರಿಯರ "ನೋಡೋಣ" ಎಂದರೆ ಸಾಮಾನ್ಯವಾಗಿ ಇಲ್ಲ ಎಂದೇ. ಇವರು ಬರುವುದಿಲ್ಲ ಎಂದು ಇಬ್ಬರಿಗಷ್ಟೇ ಕುರ್ಚಿ ಹಾಕಿಸಿದ್ದೆ. ಎಲ್ಲರಿಗಿಂತ ಹತ್ತು ನಿಮಿಷ ಮೊದಲೇ ಬಂದು ನಿಂತಿದ್ದರು.

ಮೊದಲ ಪ್ರಯತ್ನ: ಬಿಡಿಸಿ ಹೇಳುವುದು

ಸಂವಹನವನ್ನು ಅಧ್ಯಯನ ಮಾಡಿದ ಪಾಲ್ ವಾಟ್ಸ್ಲಾವಿಕ್ ಮತ್ತು ಅವರ ಸಂಗಡಿಗರು 1967ರಲ್ಲಿ ಒಂದು ಉಪಯುಕ್ತ ವಿಚಾರ ಮುಂದಿಟ್ಟರು. ಜಗಳದಲ್ಲಿರುವ ಇಬ್ಬರೂ ಒಂದೇ ಸರಪಳಿಯನ್ನು ಬೇರೆ ಬೇರೆ ಕೊಂಡಿಯಿಂದ ಎಣಿಸಲು ಶುರುಮಾಡುತ್ತಾರೆ. ಅವಳು ಗೊಣಗುವುದಕ್ಕೆ ನಾನು ದೂರ ಸರಿಯುತ್ತೇನೆ ಎನ್ನುತ್ತಾನೆ ಇವನು. ಅವನು ದೂರ ಸರಿಯುವುದಕ್ಕೆ ನಾನು ಗೊಣಗುತ್ತೇನೆ ಎನ್ನುತ್ತಾಳೆ ಅವಳು. ಇಲ್ಲೂ ಹಾಗೇ ಇತ್ತು. ಎಷ್ಟು ಹೊತ್ತಿಗೆ ಬರುತ್ತಾಳೆಂದು ಹೇಳುವುದಿಲ್ಲ, ಅದಕ್ಕೇ ಕಾಯುತ್ತೇನೆ ಎಂದರು ಮಾವ. ಬಲ್ಬೇ ಕೇಳುತ್ತಿರುವಾಗ ಬಾಯಲ್ಲಿ ಬೇರೆ ಏನು ಹೇಳಲಿ ಎಂದಳು ಸೊಸೆ.

ಹಾಳೆಯ ಮೇಲೆ ವೃತ್ತ ಬರೆದು ತೋರಿಸಿದೆ. ಇಬ್ಬರಿಗೂ ಅರ್ಥವಾಯಿತು. ತಲೆಯಾಡಿಸಿದರು. ಮಾವ ತಮ್ಮ ಬಲ್ಬಿನ ಅರ್ಥ ಹೇಳಿದರು, ಸೊಸೆ ತನ್ನ ತವರಿನ ಬಲ್ಬಿನ ಕಥೆ ಹೇಳಿದಳು. ಒಳ್ಳೆಯ ಭೇಟಿ ಎಂದು ಟಿಪ್ಪಣಿಯಲ್ಲಿ ಬರೆದುಕೊಂಡೆ ಕೂಡ.

ಮನೆಯಲ್ಲಿ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. ಹೇಳಿಕೊಂಡ ಅರ್ಥಗಳೆಲ್ಲ ಸಾಕ್ಷ್ಯಗಳಾಗಿಬಿಟ್ಟಿದ್ದವು. "ನನ್ನ ಮನಸ್ಸಲ್ಲಿ ಏನೂ ಇಲ್ಲ ಅಂತ ಮೇಡಂ ಎದುರಿಗೇ ಹೇಳಿದ್ದೀನಲ್ಲ, ಇನ್ನೂ ಯಾಕೆ ಮುಖ ಊದಿಸ್ಕೊಂಡಿದ್ದಾಳೆ?" ಎಂದು ಮಾವ. "ನನಗೆ ಅದು ಹೇಗೆ ಕಾಣತ್ತೆ ಅಂತ ಗೊತ್ತಾದ್ಮೇಲೂ ಮತ್ತೆ ಹಾಕಿದ್ದಾರಲ್ಲ!" ಎಂದು ಸೊಸೆ. ಮೊದಲು ಗೊತ್ತಿಲ್ಲದೆ ಮಾಡುತ್ತಿದ್ದದ್ದು ಈಗ ಗೊತ್ತಿದ್ದೂ ಮಾಡಿದ ಹಾಗಾಯಿತು.

ನನ್ನ ತಪ್ಪು ಎಲ್ಲಿತ್ತೆಂದರೆ, ಅರ್ಥವನ್ನು ಕಳಿಸುವವರ ಮನಸ್ಸಿನೊಳಗೆ ಕಟ್ಟಿಟ್ಟ ಪೊಟ್ಟಣ ಎಂದು ನಾನು ತಿಳಿದಿದ್ದೆ. ಪೊಟ್ಟಣ ಬಿಚ್ಚಿ ತೋರಿಸಿದರೆ ಸಾಕು ಎಂದುಕೊಂಡೆ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಜಾರ್ಜ್ ಹರ್ಬರ್ಟ್ ಮೀಡ್ (1863–1931) ಇದಕ್ಕೆ ತದ್ವಿರುದ್ಧವಾದದ್ದನ್ನು ಹೇಳಿದ್ದರು. ಒಂದು ನಾಯಿ ಗುರ್ ಎನ್ನುತ್ತದೆ, ಎದುರಿನ ನಾಯಿ ಅದಕ್ಕೆ ಮೈ ಬಗ್ಗಿಸುತ್ತದೆ, ಅದನ್ನು ಕಂಡು ಮೊದಲನೆಯದು ತನ್ನ ನಿಲುವನ್ನೇ ಬದಲಿಸುತ್ತದೆ. ಅವರ ಪ್ರಕಾರ ಅರ್ಥ ಇರುವುದು ಗುರ್ ಎನ್ನುವುದರಲ್ಲಿ ಅಲ್ಲ. ಸನ್ನೆ, ಅದಕ್ಕೆ ಬಂದ ಪ್ರತಿಕ್ರಿಯೆ, ಎರಡೂ ಸೇರಿ ಎಲ್ಲಿಗೆ ಮುಟ್ಟುತ್ತವೋ ಅದು, ಈ ಮೂರರ ನಡುವೆ ಅರ್ಥ ಹುಟ್ಟುತ್ತದೆ. ಒಂದು ಸನ್ನೆ ಮಾಡಿದವನಲ್ಲೂ ಕಂಡವನಲ್ಲೂ ಒಂದೇ ಬಗೆಯ ಪ್ರತಿಕ್ರಿಯೆಯನ್ನು ಎಬ್ಬಿಸಿದಾಗ ಮಾತ್ರ ಅದು ನಿಜವಾಗಿ ಇಬ್ಬರ ಸಂಕೇತವಾಗುತ್ತದೆ. ಈ ಮನೆಯ ಬಲ್ಬು ಮಾವನಲ್ಲಿ ನೆಮ್ಮದಿ, ಸೊಸೆಯಲ್ಲಿ ಬಿಗಿತ ಎಬ್ಬಿಸುತ್ತಿತ್ತು. ಇಬ್ಬರೂ ಅದರ ಕೆಳಗೇ ಓಡಾಡುತ್ತಿದ್ದರು, ನಿಜ. ಆದರೆ ಮೀಡ್ ಹೇಳಿದ ಅರ್ಥದಲ್ಲಿ ಅದು ಅವರಿಬ್ಬರ ಸಂಕೇತವಾಗಿರಲೇ ಇಲ್ಲ.

ಎರಡನೇ ಪ್ರಯತ್ನ: ಹೆಬ್ಬೆರಳು

ಬಲ್ಬಿನ ತಂಟೆಯೇ ಬೇಡ, ಫೋನಿದೆಯಲ್ಲ ಎಂದು ಸಲಹೆ ಕೊಟ್ಟೆ. ಕೆಲಸದಿಂದ ಹೊರಡುವಾಗ ಸೊಸೆ "ಹೊರಟೆ" ಎಂದು ಮೆಸೇಜ್ ಹಾಕುವುದು, ಮಾವ ಅದಕ್ಕೆ ಉತ್ತರ ಕೊಟ್ಟು ಬಲ್ಬು ಆರಿಸಿ ಮಲಗುವುದು.

ನಾಲ್ಕು ದಿನ ನಡೆಯಿತು. ಐದನೇ ದಿನ ಅವಳು ಬರೆದಳು: "ಹೊರಟೆ ಮಾವ. ಇವತ್ತು ವಿಪರೀತ ಕೆಲಸ, ನಿಂತು ನಿಂತು ಕಾಲು ಸೇದು ಹೋಗಿದೆ." ಅವಳ ಕಡೆಯಿಂದ ಅದೊಂದು ದೊಡ್ಡ ಹೆಜ್ಜೆ. ಉತ್ತರವಾಗಿ ಬಂದದ್ದು ಒಂದು ಹೆಬ್ಬೆರಳು. ಬರೀ ಹೆಬ್ಬೆರಳು.

ಆ ಹೆಬ್ಬೆರಳಿನ ಚಿತ್ರ 2010ರಲ್ಲಿ ಯೂನಿಕೋಡಿಗೆ, ಅಂದರೆ ಫೋನು ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಚಿಹ್ನೆಗಳ ಪಟ್ಟಿಗೆ, ಸೇರಿತು. 2023ರಲ್ಲಿ ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ನ್ಯಾಯಾಲಯವೊಂದು ಇದೇ ಹೆಬ್ಬೆರಳಿನ ಅರ್ಥ ಏನೆಂದು ತೀರ್ಪು ಕೊಡಬೇಕಾಯಿತು. ಅಗಸೆ ಖರೀದಿಯ ಕರಾರುಪತ್ರದ ಫೋಟೋ ಕಳಿಸಿದವರಿಗೆ ರೈತ ಹೆಬ್ಬೆರಳಿನ ಚಿತ್ರ ಕಳಿಸಿದ್ದ. ಪತ್ರ ತಲುಪಿತು ಎಂದಷ್ಟೇ ತನ್ನ ಅರ್ಥ ಎಂದು ಅವನ ವಾದ. ಅದು ಒಪ್ಪಿಗೆಯೇ ಎಂದಿತು ನ್ಯಾಯಾಲಯ. ಹಾಗೆ ಹೇಳುವಾಗ ಅದು ಗಮನಿಸಿದ ಸಂಗತಿಗಳಲ್ಲಿ ಒಂದು, ಅವರಿಬ್ಬರ ನಡುವಿನ ಹಿಂದಿನ ವ್ಯವಹಾರಗಳಲ್ಲಿ ಅಂಥ ಚುಟುಕು ಉತ್ತರಗಳೇ ಒಪ್ಪಿಗೆಯಾಗಿ ನಡೆದಿದ್ದವು ಎನ್ನುವುದು. ಎಂದರೆ ಚಿತ್ರದ ಅರ್ಥಕ್ಕೆ ಕೋಶವೊಂದನ್ನೇ ನೋಡಲಿಲ್ಲ, ಅವರ ಒಡನಾಟದ ಇತಿಹಾಸವನ್ನೂ ನೋಡಿದರು. ನಮ್ಮ ಮಾವ ಸೊಸೆಗೆ ಅಂಥ ಇತಿಹಾಸವೇ ಇರಲಿಲ್ಲ. ಹೊಸ ಚಿಹ್ನೆ ಕೊಟ್ಟೆನೆಂದು ನಾನು ಬೀಗುತ್ತಿದ್ದಾಗ, ಹಳೆಯ ಮುನಿಸು ಹೊಸ ಚಿಹ್ನೆಯೊಳಗೆ ಬಂದು ಕೂತಿತ್ತು.

"ಯಾಕೆ ಒಂದು ಮಾತು ಬರೀಲಿಲ್ಲ?" ಎಂದು ಮಾವನನ್ನು ಕೇಳಿದೆ. "ಬರೆಯೋಕೆ ಕನ್ನಡಕ ಬೇಕು. ಕನ್ನಡಕ ಹಾಲ್‌ನಲ್ಲಿರತ್ತೆ. ಲೈಟ್ ಆರಿಸಿ ಮಲಗಿದ್ದೆ," ಎಂದರು. ಸೊಸೆ ನಕ್ಕಳು. ಮೂರು ಭೇಟಿಗಳಲ್ಲಿ ಅದೇ ಮೊದಲ ನಗು.

ತಿರುವು

ಮುಂದಿನ ಭೇಟಿಗೆ ನನ್ನ ಬಳಿ ಯಾವ ಯೋಜನೆಯೂ ಇರಲಿಲ್ಲ. ಹೊತ್ತು ಕಳೆಯಲೆಂದೇ ಎನ್ನಿ, ಸೊಸೆಯನ್ನು ಕೇಳಿದೆ: ತಿರುವಿನಿಂದ ಮನೆ ಬಾಗಿಲಿನವರೆಗೆ ನಡೆದು ಬರುತ್ತೀಯಲ್ಲ, ಅದೊಂದನ್ನೇ ಹೇಳು. ಏನು ಕಾಣುತ್ತದೆ, ಮೊದಲು ಯಾವುದು, ಆಮೇಲೆ ಯಾವುದು.

ಅವಳು ನಿಧಾನವಾಗಿ ಹೇಳುತ್ತಾ ಹೋದಳು. ತಿರುವಿನಲ್ಲಿ ಗಾಡಿ ಇಳಿಯುತ್ತಾಳೆ. ಬೀದಿಯೆಲ್ಲ ಕತ್ತಲು. ಒಂದೇ ಒಂದು ಮನೆಯ ಬಲ್ಬು ಉರಿಯುತ್ತಿರುತ್ತದೆ. ಅದರ ಬೆಳಕು ಗೇಟಿನವರೆಗೆ ಚೆಲ್ಲಿರುತ್ತದೆ. ಗೇಟು ತೆರೆಯುವಾಗ ಅವಳ ನೆರಳು ಉದ್ದವಾಗಿ ಬೀದಿಗೆ ಬೀಳುತ್ತದೆ. ಎದುರು ಮನೆಯ ಕಿಟಕಿಯ ಪರದೆ ಒಂದು ಸಲ ಅಲ್ಲಾಡುತ್ತದೆ. "ಬೆಳಿಗ್ಗೆ ಆ ಮನೆಯವರು ಸಿಕ್ಕಿದ್ರೆ ಕೇಳ್ತಾರೆ: ನಿನ್ನೆ ಒಂದೂವರೆವರೆಗೂ ನಿಮ್ಮನೆ ಲೈಟ್ ಉರೀತಿತ್ತಲ್ಲಮ್ಮಾ, ಎಲ್ಲಾ ಸರಿ ತಾನೆ?"

ಮಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಹಾಗಂದ್ರಾ? ಯಾವಾಗ?"

"ಎಷ್ಟೋ ಸಲ ಅಂದಿದ್ದಾರೆ. ನಿಮ್ಮ ಮಗ ಲೇಟಾಗಿ ಬಂದ್ರೆ ಯಾರೂ ಗಂಟೆ ಎಣಿಸಲ್ಲ ಮಾವ. ನನ್ನದನ್ನ ಇಡೀ ಬೀದಿ ಎಣಿಸತ್ತೆ. ಲೆಕ್ಕ ಇಟ್ಕೊಳ್ಳೋಕೆ ನಮ್ಮನೆ ಬಲ್ಬೇ ಬೆಳಕು ಕೊಡತ್ತೆ."

ಮಾವ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದನ್ನು ನಾನು ಇದ್ದದ್ದು ಇದ್ದ ಹಾಗೇ ಬರೆದಿಟ್ಟಿದ್ದೇನೆ: "ಆರು ವರ್ಷದಿಂದ ನಾನು ಆ ಬಲ್ಬನ್ನ ಒಳಗಿನಿಂದಲೇ ನೋಡಿದ್ದು."

ಆರು ವರ್ಷ ಯಾಕೆ ಎಂದು ಕೇಳಿದೆ. ಅದಕ್ಕೆ ಮುಂಚೆ ಬಲ್ಬು ಹಾಕುವುದು, ಆರಿಸುವುದು ಅವರ ಹೆಂಡತಿಯ ಕೆಲಸವಾಗಿತ್ತಂತೆ. ತಡವಾಗಿ ಬರುತ್ತಿದ್ದವರು ಇವರು. "ಅವಳಾದ ಮೇಲೆ ನಾನು ವಹಿಸ್ಕೊಂಡೆ," ಎಂದರು. ಅಷ್ಟೇ ಹೇಳಿದ್ದು. ಮಗನಿಗೂ ಆ ಬಲ್ಬಿನ ಆ ಭಾಗ ಗೊತ್ತಿರಲಿಲ್ಲ. ಅಪ್ಪನದೇ ಅಭ್ಯಾಸ ಎಂದುಕೊಂಡಿದ್ದನಂತೆ.

ಈ ಭೇಟಿಯವರೆಗೆ ನಾನು ಬಲ್ಬನ್ನು ಇಬ್ಬರ ನಡುವಿನ ಮಾತೆಂದೇ ಓದುತ್ತಿದ್ದೆ. ಅದರ ಮುಖ ಬೀದಿಗಿದೆ ಎನ್ನುವ, ಕಣ್ಣಿಗೆ ರಾಚುವ ಸಂಗತಿಯನ್ನೇ ನೋಡಿರಲಿಲ್ಲ. ಮನೆಯೊಳಗಿನವರು ಒಬ್ಬರಿಗೆಂದು ಇಟ್ಟ ಕುರುಹನ್ನು ಊರೆಲ್ಲ ಓದುತ್ತದೆ, ಆ ಓದನ್ನು ಹೊತ್ತುಕೊಂಡು ಮನೆಯವರೇ ಒಳಗೆ ಬರುತ್ತಾರೆ. ಮಗ ಅದೇ ಬೆಳಕಿನ ಕೆಳಗೆ ವರ್ಷಗಟ್ಟಲೆ ನಡೆದು ಬಂದಿದ್ದ, ಅವನಿಗೆ ಅದು ಬರೀ ಬೆಳಕಾಗಿತ್ತು. ತಡವಾಗಿ ಬರುವ ಗಂಡಿಗೂ ತಡವಾಗಿ ಬರುವ ಹೆಣ್ಣಿಗೂ ಸಮಾಜ ಒಂದೇ ಬಲ್ಬಿನ ಕೆಳಗೆ ಬೇರೆ ಬೇರೆ ಅರ್ಥ ಇಟ್ಟಿರುತ್ತದೆ. ತವರಿನ ಬಲ್ಬಿನ ನೆನಪು ಅವಳನ್ನು ಹೆದರಿಸಿತು ಎನ್ನುವ ನನ್ನ ಮೊದಲ ಓದು ತಪ್ಪಾಗಿರಲಿಲ್ಲ. ಆದರೆ ಬರೀ ನೆನಪನ್ನು ಹಿಡಿದು ಹೊರಟದ್ದರಿಂದ ಸಮಸ್ಯೆ ಅವಳ ಮನಸ್ಸಿನಲ್ಲೇ ಇದೆ ಎಂದು ನಾನು ಒಪ್ಪಿಸಿದ ಹಾಗಾಗಿತ್ತು. ಅದಕ್ಕೆ ನಾಚಿಕೆಯಾಯಿತು.

ತೀರ್ಮಾನ

ಇಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಬಾಯಿ ಮುಚ್ಚಿಕೊಂಡದ್ದು. ಮಾವನೇ ಯೋಚಿಸಿ ಹೇಳಿದರು: ಹೊರಗಿನ ಬಲ್ಬು ಹತ್ತಕ್ಕೆ ಆರಲಿ. ಒಳಗೆ ತಮ್ಮ ಕೋಣೆಯ ಪಕ್ಕದ ಓಣಿಯಲ್ಲಿ ಒಂದು ಚಿಕ್ಕ ದೀಪವಿದೆ, ಅದು ಉರಿಯಲಿ. ಬೀದಿಗೆ ಕಾಣುವುದಿಲ್ಲ. ಬೀಗಕ್ಕೆ ಅವಳ ಫೋನಿನ ಬೆಳಕು ಸಾಕು.

ಸೊಸೆ ತಲೆಯಾಡಿಸಿ, ಒಂದು ಕ್ಷಣ ಬಿಟ್ಟು, "ಆದ್ರೆ ಅದನ್ನ ಆರಿಸೋದು ನಾನು," ಎಂದಳು.

ಇಡೀ ಪ್ರಕರಣ ಆ ಒಂದು ಷರತ್ತಿನ ಮೇಲೆ ನಿಂತಿದೆ ಎಂದು ನನ್ನ ಅಭಿಪ್ರಾಯ. ಹಳೆಯ ಏರ್ಪಾಟಿನಲ್ಲಿ ಹಾಕುವವರೂ ಆರಿಸುವವರೂ ಮಾವನೇ. ಅವಳು ಮಾಡಬಹುದಾದದ್ದು ಅದರ ಕೆಳಗೆ ಹಾದು ಬರುವುದಷ್ಟೇ. ಪ್ರೀತಿಯಿಂದ ಇಟ್ಟದ್ದೇ ಇರಲಿ, ಉತ್ತರ ಕೊಡಲು ಜಾಗವಿಲ್ಲದ ಸಂಕೇತ ಎದುರಿನವರಿಗೆ ಆಜ್ಞೆಯಂತೆಯೋ ಕಾವಲಿನಂತೆಯೋ ಕಾಣುತ್ತದೆ. ಸ್ವಿಚ್ಚು ಅವಳ ಕೈಗೆ ಬಂದ ಕೂಡಲೇ ಬಲ್ಬು ಸಂಭಾಷಣೆಯಾಯಿತು. ಅವರು ಹಾಕುತ್ತಾರೆ: ಕಾಯುತ್ತಿದ್ದೇನೆ. ಅವಳು ಆರಿಸುತ್ತಾಳೆ: ಬಂದೆ. ಹಳೆಯ ಸ್ವಿಚ್ಚು, ಒತ್ತಿದರೆ ಟಕ್ ಎನ್ನುತ್ತದೆ, ಕೋಣೆಯೊಳಗೆ ಕೇಳಿಸುತ್ತದೆ. ಮಾವ ಎದ್ದು ಬರಬೇಕಿಲ್ಲ, ಗಡಿಯಾರ ನೋಡಬೇಕಿಲ್ಲ.

ಮೀಡ್ ಅವರ ವಿಚಾರಗಳನ್ನು ಮುಂದುವರಿಸಿದ ಹರ್ಬರ್ಟ್ ಬ್ಲೂಮರ್ 1937ರಲ್ಲಿ ಈ ಚಿಂತನೆಗೆ ಸಾಂಕೇತಿಕ ಅಂತರಕ್ರಿಯಾವಾದ ಎಂದು ಹೆಸರಿಟ್ಟರು. ವಸ್ತುಗಳಿಗೆ ನಾವು ಕೊಡುವ ಅರ್ಥಕ್ಕೆ ತಕ್ಕಂತೆ ನಡೆದುಕೊಳ್ಳುತ್ತೇವೆ, ಆ ಅರ್ಥ ಒಡನಾಟದಲ್ಲಿ ಹುಟ್ಟುತ್ತದೆ, ಬಳಸುವಾಗೆಲ್ಲ ಅದನ್ನು ತಿದ್ದುತ್ತಲೂ ಇರುತ್ತೇವೆ ಎನ್ನುವುದು ಅವರ ಮಾತಿನ ತಿರುಳು. ನಾನು ಮೊದಲೆರಡನ್ನು ಬಾಯಿಪಾಠ ಮಾಡಿದ್ದೆ. ತಿದ್ದುವ ಕೆಲಸ ಮಾತ್ರ ನನ್ನ ಕೋಣೆಯಲ್ಲಿ ಆಗುವುದಿಲ್ಲ, ಅವರ ಮನೆಯೊಳಗಿನ ಓಣಿಯಲ್ಲಿ ರಾತ್ರಿ ಒಂದು ಗಂಟೆಗೆ ಆಗಬೇಕು ಎನ್ನುವುದು ಈ ಪ್ರಕರಣದಿಂದ ತಿಳಿಯಿತು. ಈಗ ಮೊದಲ ಭೇಟಿಯಲ್ಲಿ ಅರ್ಥ ಕೇಳುವುದನ್ನು ಬಿಟ್ಟಿದ್ದೇನೆ. ಇದಕ್ಕೆ ಉತ್ತರ ಕೊಡಬೇಕಾದರೆ ನೀವು ಏನು ಮಾಡಬಹುದು, ಇದು ಇನ್ಯಾರಿಗೆಲ್ಲ ಕಾಣುತ್ತದೆ ಎಂದು ಕೇಳುತ್ತೇನೆ.

ಆಮೇಲೆ

ಎರಡು ತಿಂಗಳ ಮೇಲೆ ಬಂದಾಗ ಮಾವ ಒಂದು ಸಂಗತಿ ಹೇಳಿದರು. ಒಂದು ರಾತ್ರಿ ಸೊಸೆ ಸುಸ್ತಿನಲ್ಲಿ ದೀಪ ಆರಿಸಲು ಮರೆತು ಮಲಗಿದ್ದಳು. ಮೂರು ಗಂಟೆಗೆ ಎಚ್ಚರವಾಗಿ ನೋಡಿದರೆ ದೀಪ ಉರಿಯುತ್ತಿದೆ. ಎದೆ ಧಸಕ್ಕೆಂದಿತು. ಹೊರಗೆ ಬಂದರು. ಬಾಗಿಲ ಬಳಿ ಅವಳ ಚಪ್ಪಲಿ, ಒಂದು ನೆಟ್ಟಗೆ, ಇನ್ನೊಂದು ಮಗುಚಿಕೊಂಡು. ತಾವೇ ದೀಪ ಆರಿಸಿ ಮಲಗಿದರು. ಬೆಳಿಗ್ಗೆ ಅವಳು ಕ್ಷಮೆ ಕೇಳಲು ಬಂದಾಗ "ಚಪ್ಪಲಿ ನೋಡಿದೆ ಬಿಡು," ಎಂದರಂತೆ. ತತ್ತ್ವಜ್ಞಾನಿ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ ಸಂಕೇತಗಳನ್ನು ವಿಂಗಡಿಸುವಾಗ, ಹೊಗೆ ಬೆಂಕಿಯನ್ನು ತೋರಿಸುವಂತೆ ಕಾರ್ಯಕಾರಣದಿಂದ ಅಂಟಿಕೊಂಡ ಕುರುಹನ್ನು ಒಂದು ಕಡೆ, ಒಡಂಬಡಿಕೆಯಿಂದ ಅರ್ಥ ಪಡೆದದ್ದನ್ನು ಇನ್ನೊಂದು ಕಡೆ ಇಟ್ಟರು. ಚಪ್ಪಲಿ ಮೊದಲನೆಯ ಗುಂಪು, ದೀಪ ಎರಡನೆಯದು. ಮುನಿಸಿನ ದಿನಗಳಲ್ಲಾಗಿದ್ದರೆ ಆರದ ದೀಪ ಬೇಕೆಂದೇ ಮಾಡಿದ ಅಸಡ್ಡೆ ಎನಿಸಿಕೊಳ್ಳುತ್ತಿತ್ತು, ಚಪ್ಪಲಿಯತ್ತ ಯಾರೂ ನೋಡುತ್ತಿರಲಿಲ್ಲ.

ಎಲ್ಲವೂ ಸರಿಹೋಯಿತು ಎಂದು ಬರೆಯಲಾರೆ. ಬೇರೆ ಮನೆಯ ಮಾತು ನಿಂತಿಲ್ಲ. ಮುಂಚೆ ಅದು ದೂರಿನ ಮಾತಾಗಿ ಬರುತ್ತಿತ್ತು, ಈಗ ಕೆಲಸದ ಜಾಗ ದೂರ ಎನ್ನುವ ಮಾತಾಗಿ ಬರುತ್ತದೆ. ಎದುರು ಮನೆಯ ಪರದೆ ಈಗಲೂ ಅಲ್ಲಾಡುತ್ತದೆ. ಮಾವ ಹಗಲು ಹೊತ್ತು ಹೋಗಿ ಆ ಮನೆಯವರಿಗೆ ಸೊಸೆಯ ಪಾಳಿಯ ಬಗ್ಗೆ ಏನೋ ಹೇಳಿ ಬಂದರಂತೆ. ಏನು ಹೇಳಿದರೆಂದು ನನಗೆ ತಿಳಿಸಲಿಲ್ಲ.

ಈ ಒಡಂಬಡಿಕೆಯನ್ನು ಗಂಭೀರವಾಗಿ ತೆಗೆದುಕೊಳ್ಳದವನು ಮಗನೊಬ್ಬನೇ. ಕೊನೆಯ ಭೇಟಿಗೆ ಸ್ವಲ್ಪ ಮುಂಚೆ ಒಂದು ರಾತ್ರಿ ನೀರು ಕುಡಿಯಲು ಎದ್ದವನು, ಸುಮ್ಮನೆ ಕರೆಂಟು ಹಾಳು ಎಂದು ಓಣಿಯ ದೀಪ ಆರಿಸಿ ಹೋಗಿ ಮಲಗಿದ. ಟಕ್ ಎಂದದ್ದು ಕೇಳಿ ಮಾವ ಮಗ್ಗುಲು ಬದಲಿಸಿ ನಿದ್ದೆ ಹೋದರು. ಸೊಸೆ ಬಂದದ್ದು ಅದಾದ ಒಂದು ಗಂಟೆಯ ಮೇಲೆ. ಬಾಗಿಲು ತೆರೆದರೆ ಒಳಗೂ ಕತ್ತಲು. "ಒಂದ್ನಿಮಿಷ ಅದೇ ಹಳೇದೆಲ್ಲ ಬಂದು ಮೈಮೇಲೆ ಕೂತ್ಕೊಳ್ತು ಮೇಡಂ," ಎಂದಳು. ಗೋಡೆ ಸವರಿಕೊಂಡು ಓಣಿಯವರೆಗೆ ಹೋದಳು. ಸ್ವಿಚ್ಚು ಸಿಕ್ಕಿತು. ದೀಪ ಹಾಕಿದಳು, ಸ್ವಲ್ಪ ಹೊತ್ತು ಅಲ್ಲೇ ನಿಂತಳು, ಆರಿಸಿದಳು. ಕೋಣೆಯೊಳಗಿಂದ ಮಾವ ಒಂದು ಸಲ ಕೆಮ್ಮಿದರು.